ಎರಡನೆಯ ತುಂಡು

“ಈ ವಿಡಿಯೋ ಕಿಟ್ಟಣ್ಣನ ಕಂಪ್ಯೂಟರಿನಲ್ಲಿ ಓಡ್ತದೆ. ಅವನ ಸ್ಟುಡಿಯೋದ ಟಿವಿಯಲ್ಲಿ ಓಡ್ತದೆ. ನಿನ್ನ ಈ ಡಬ್ಬದಲ್ಲಿ ಮಾತ್ರ ಓಡುದಿಲ್ಲ ಅಂದ್ರೆ ಎಂತ ಅರ್ಥ? ಹಾಗಾದ್ರೆ ಹೊರಗೆ ಆ ಬೋರ್ಡು ಯಾಕೆ ನೇತುಹಾಕಿದ್ದು ಮಾರಾಯ?”

ಪೂವಪ್ಪ ಮೇಜಿಗೆ ಅಂಗೈಯಿಂದ ಬಡಿದ. ಮೇಜಿನ ಮೇಲಿದ್ದ ಗುಂಡುಪಿನ್ನಿನ ಡಬ್ಬಿ ಹಾರಿ ಬಿದ್ದು ಪಿನ್ನುಗಳೆಲ್ಲ ಚೆಲ್ಲಿದವು.

ಉದಯಶಂಕರ ಕುರ್ಚಿಯಿಂದ ಏಳಲಿಲ್ಲ. “ಟಿವಿಯಲ್ಲಿ ಓಡುದು ಬೇರೆ, ಇದು ಕೇಳಿ ಬರೆಯುದು ಬೇರೆ. ದನಿ ಎತ್ತಬೇಡಿ. ಎತ್ತಲಿಕ್ಕೆ ನನಗೂ ಬರ್ತದೆ. ಮೊದಲು ಆ ಪಿನ್ನು ಹೆಕ್ಕಿ.”

ಪೂವಪ್ಪ ಹೆಕ್ಕಲಿಲ್ಲ. ಬೆಂಚಿನಲ್ಲಿ ಕುಳಿತಿದ್ದ ಅಮ್ಮು ಎದ್ದು ಬಂದು ನೆಲಕ್ಕೆ ಕುಕ್ಕರಿಸಿ ಹೆಕ್ಕತೊಡಗಿದಳು. ಗಂಡ ಚೆಲ್ಲಿದ್ದನ್ನು ಹೆಕ್ಕುವುದು ಮೂವತ್ತು ವರ್ಷದ ಅಭ್ಯಾಸ. ಆದರೆ ಇವತ್ತು ಅವಳ ಕಣ್ಣು ಕಂಪ್ಯೂಟರಿನ ಪರದೆಯ ಮೇಲಿತ್ತು. ಒಂದು ಪಿನ್ನು ಹೆಬ್ಬೆರಳಿಗೆ ಚುಚ್ಚಿತು.

ವಿದ್ಯಾನಗರದ ಸಿವಿಲ್ ಸ್ಟೇಷನ್ನಿನ ಎದುರಿನ ಕಟ್ಟಡದಲ್ಲಿ, ಮೆಟ್ಟಿಲು ಹತ್ತಿದರೆ ಸಿಗುವ ಮೊದಲ ಕೋಣೆ ಉದಯಶಂಕರನ ಟೈಪಿಂಗ್ ಅಂಗಡಿ. ಅರ್ಜಿ, ದೂರು, ಮುಚ್ಚಳಿಕೆ ಎಲ್ಲ ಕನ್ನಡದಲ್ಲೂ ಮಲಯಾಳದಲ್ಲೂ ಅಲ್ಲಿ ತಯಾರಾಗುತ್ತದೆ. ಒಂದು ವರ್ಷದಿಂದ ಹೊಸ ಸಾಫ್ಟ್‌ವೇರ್ ಬಂದಿದೆ. ವಿಡಿಯೋವನ್ನೋ ಆಡಿಯೋವನ್ನೋ ಕೊಟ್ಟರೆ ಅದರಲ್ಲಿ ಆಡಿದ ಮಾತನ್ನು ಅದೇ ಕೇಳಿ ಅಕ್ಷರ ಮಾಡಿ ಕೊಡುತ್ತದೆ. ತಪ್ಪು ತಿದ್ದಿ, ಅಚ್ಚು ಹಾಕಿ, ಸಹಿ ಹಾಕಿ ಕೊಡುವುದು ಉದಯಶಂಕರನ ಕೆಲಸ.

ಪೂವಪ್ಪ ಮತ್ತು ಅಮ್ಮು ಪುತ್ತಿಗೆ ಕಡೆಯವರು. ಮರುದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಸಿವಿಲ್ ಸ್ಟೇಷನ್ನಿನ ಕಚೇರಿಯಲ್ಲಿ ಅವರ ದಾರಿ ತಕರಾರಿನ ವಿಚಾರಣೆ ಇತ್ತು. ತಕರಾರು ಹೂಡಿದವಳು ಅಮ್ಮುವಿನ ಅಕ್ಕ ಕಮಲ. ಅಮ್ಮನ ಪಾಲಿನ ಜಾಗ ಇಬ್ಬರು ಹೆಣ್ಣುಮಕ್ಕಳಿಗೆ ಬಂದಿತ್ತು. ರಸ್ತೆಯ ಬದಿಯದ್ದು ಅಮ್ಮುವಿಗೆ, ಒಳಗಿನದ್ದು ಕಮಲಳಿಗೆ. ಒಳಗಿನ ಮನೆಗೆ ಹೋಗಬೇಕಾದರೆ ಅಮ್ಮುವಿನ ಅಂಗಳದ ಮಗ್ಗುಲಿನಿಂದಲೇ ಹೋಗಬೇಕು. ಇಲ್ಲವಾದರೆ ಗದ್ದೆಯ ಹುಣಿಯಲ್ಲಿ, ಆ ಕಿರಿದಾದ ಬದುವಿನ ಮೇಲೆ, ಸುತ್ತು ಬಳಸಿ ಅರ್ಧ ಗಂಟೆ ನಡೆಯಬೇಕು.

ಎರಡು ವರ್ಷದ ಹಿಂದೆ ಆ ದಾರಿಗೆ ಪೂವಪ್ಪ ಕೆಂಪುಕಲ್ಲಿನ ಗೋಡೆ ಎಬ್ಬಿಸಿದ.

ಅದಕ್ಕೂ ಒಂದು ವರ್ಷದ ಹಿಂದೆ, ಕಮಲಳ ಮಗಳು ಕ್ಷಮಾಳ ನಿಶ್ಚಯದ ದಿನ, ದಾರಿ ಕೊಡುವ ಮಾತನ್ನು ವೀಳ್ಯದ ಹರಿವಾಣ ಹಿಡಿದುಕೊಂಡು ಹತ್ತು ಜನರ ಎದುರು ಹೇಳಿದವನೂ ಅವನೇ. ಕಮಲಳ ಗಂಡ ಮುದ್ದಣ್ಣನಿಗೆ ನಾಲ್ಕು ಜನರ ಎದುರು ಬಾಯಿ ಬರುವುದಿಲ್ಲ. ಹಾಗಾಗಿ ಹೆಣ್ಣಿನ ಕಡೆಯಿಂದ ಹರಿವಾಣ ಹಿಡಿದು ಮಾತನಾಡಿದ್ದು ಪೂವಪ್ಪ. ಗಂಡಿನ ಕಡೆಯವರು ಸೋಮವಾರಪೇಟೆಯಿಂದ ಬಂದವರು, ಕನ್ನಡದಲ್ಲೇ ಮಾತು. ದಿಬ್ಬಣದ ಬಸ್ಸು ಅಂಗಳಕ್ಕೆ ಬರುತ್ತದೋ ಎಂದು ಅವರ ಹಿರಿಯರು ಕೇಳಿದ್ದರು. ಬರುತ್ತದೆ, ದಾರಿ ನಾನು ಬಿಡುತ್ತೇನೆ ಎಂದು ಪೂವಪ್ಪ ಹೇಳಿದ್ದ. ಇಷ್ಟು ಎಲ್ಲರಿಗೂ ಗೊತ್ತಿರುವ ವಿಷಯ.

ವರ್ಷ ಕಳೆದು ಮದುವೆಯ ದಿನ ಧಾರೆಯ ಹೊತ್ತಿಗೆ ಅವನನ್ನು ಯಾರೂ ಮುಂದೆ ಕರೆಯಲಿಲ್ಲ. ಮುದ್ದಣ್ಣನ ತಮ್ಮಂದಿರು ಮಂಟಪದ ಸುತ್ತ ನಿಂತರು. ನಿಶ್ಚಯಕ್ಕೆ ನನ್ನ ಬಾಯಿ ಬೇಕಿತ್ತು, ಮದುವೆಗೆ ಬೇಡವಾಯಿತು ಎಂದು ಪೂವಪ್ಪ ಊಟಕ್ಕೂ ಕೂರದೆ ಬಂದ. ತಿಂಗಳೊಳಗೆ ಕಲ್ಲಿನ ಲಾರಿ ಬಂತು.

ಈಗ ಅವನ ವಾದ ಇಷ್ಟೇ. ದಾರಿ ಬಿಟ್ಟದ್ದು ಹೌದು, ಆದರೆ ಮದುವೆ ಮುಗಿಯುವವರೆಗೆ ಮಾತ್ರ ಎಂದೇ ಹೇಳಿ ಬಿಟ್ಟದ್ದು. ಜಾಗ ಅಮ್ಮುವಿನ ಹೆಸರಿನಲ್ಲಿ ಇದ್ದುದರಿಂದ ಕಚೇರಿಗೆ ಹೇಳಿಕೆ ಕೊಡಬೇಕಾದವಳು ಅಮ್ಮು. ಹೇಳಿಕೆಯನ್ನು ಪೂವಪ್ಪನೇ ಬರೆಸಿದ. “ನನ್ನ ಗಂಡ ಮದುವೆ ಮುಗಿಯುವವರೆಗೆ ಮಾತ್ರ ಎಂದು ಹೇಳಿದ್ದನ್ನು ನಾನು ಹತ್ತಿರದಲ್ಲೇ ನಿಂತು ಕೇಳಿದ್ದೇನೆ.” ಅಮ್ಮು ಸಹಿ ಹಾಕಿದಳು.

ಅಮ್ಮು ಹತ್ತಿರ ನಿಂತಿರಲಿಲ್ಲ. ಅವಳು ಅಕ್ಕನ ಅಡುಗೆಮನೆಯಲ್ಲಿ ಪಾಯಸಕ್ಕೆ ತೆಂಗಿನ ಹಾಲು ಹಿಂಡುತ್ತಿದ್ದಳು. ಜನ ಕೂತಿದ್ದ ಹೊರಗಿನ ಚಾವಡಿಯಲ್ಲಿ ಯಾರು ಏನು ಮಾತನಾಡಿದರೆಂದು ಅವಳಿಗೆ ಒಂದಕ್ಷರವೂ ಗೊತ್ತಿಲ್ಲ. ಸಹಿ ಹಾಕುವಾಗ ಅದನ್ನು ಹೇಳಿದ್ದಳು. ಆ ಮಾತು ಆಡಿದವನು ನಾನೇ ಹೇಳುತ್ತಿದ್ದೇನಲ್ಲ, ನಿನ್ನ ಗಂಡ ಸುಳ್ಳು ಹೇಳುತ್ತಾನೆಯೇ ಎಂದು ಪೂವಪ್ಪ ಕೇಳಿದ್ದ. ಆ ಪ್ರಶ್ನೆಗೆ ಯಾವ ಹೆಂಡತಿ ಏನೆಂದು ಉತ್ತರ ಕೊಡಬೇಕು?

ನಾಳೆ ಅವಳನ್ನು ಕರೆದು ಕೇಳುತ್ತಾರೆ. ಎದುರಿನ ಕುರ್ಚಿಯಲ್ಲಿ ಕಮಲಕ್ಕ ಕುಳಿತಿರುತ್ತಾಳೆ. ಹೇಳಿಕೆಗೆ ಆಧಾರವಾಗಿ ಆ ದಿನದ ವಿಡಿಯೋ ಮತ್ತು ಅದರ ಮಾತಿನ ಅಚ್ಚುಪ್ರತಿ ತರಬೇಕೆಂದು ಕಚೇರಿಯವರು ಹೇಳಿದಾಗ ಅಮ್ಮುವಿಗೆ ದೇವರು ಕಣ್ಣು ಬಿಟ್ಟ ಹಾಗಾಗಿತ್ತು. ವಿಡಿಯೋದಲ್ಲಿ ಆ ಮಾತು ಇದ್ದರೆ ಸಾಕು. ತಾನು ಕೇಳದಿದ್ದರೂ ಆಡಿದ ಮಾತೇ ಆಗುತ್ತದೆ. ಅಕ್ಕನ ಮುಖ ನೋಡಿ ಸುಳ್ಳು ಹೇಳುವ ಪಾಪ ತಪ್ಪುತ್ತದೆ. ಬೆಳಿಗ್ಗೆ ಒಂಬತ್ತು ಗಂಟೆಯಿಂದ ಅವಳು ಆ ಬೆಂಚಿನಲ್ಲಿ ಕಾದು ಕುಳಿತದ್ದು ಅದಕ್ಕೆ. ಅವಳಿಗೆ ಗೆಲ್ಲುವುದು ಬೇಕಿರಲಿಲ್ಲ, ಆ ಒಂದು ಮಾತು ಬೇಕಿತ್ತು.

ಬೆಳಿಗ್ಗೆ ಮನೆಯಲ್ಲಿದ್ದ ಪೆನ್‌ಡ್ರೈವ್ ತಂದಿದ್ದರು. ಅದು ಸಲೀಸಾಗಿ ತೆರೆಯಿತು. ಪರದೆಯ ಮೇಲೆ ಪೂವಪ್ಪ ಹೊಸ ಪಂಚೆ ಉಟ್ಟು, ಹರಿವಾಣ ಎತ್ತಿ ಹಿಡಿದು, ಗತ್ತಿನಿಂದ ತುಟಿ ಆಡಿಸುತ್ತಿದ್ದ. ಕೇಳುತ್ತಿದ್ದದ್ದು ಮಾತ್ರ ಒಂದು ಸಿನಿಮಾ ಹಾಡು. ಹೊಸಂಗಡಿಯ ಕಿಟ್ಟಣ್ಣ ಈ ಸೀಮೆಯ ಎಲ್ಲ ಮದುವೆಗಳ ವಿಡಿಯೋದವನು. ಜನರ ಗಲಾಟೆ ಯಾರಿಗೆ ಬೇಕು ಎಂದು ಮಾತನ್ನೆಲ್ಲ ಅಳಿಸಿ ಉದ್ದಕ್ಕೂ ಹಾಡು ತುಂಬಿಸುವುದು ಅವನ ಪದ್ಧತಿ. ಸಾಫ್ಟ್‌ವೇರ್ ಹಾಡಿನ ನಾಲ್ಕು ಸಾಲು ಬರೆದು ಕೊಟ್ಟು ಕೈ ತೊಳೆದುಕೊಂಡಿತು. ಉದಯಶಂಕರ ನಕ್ಕ. ಪೂವಪ್ಪ ನಗಲಿಲ್ಲ. ಬೈಕ್ ಹತ್ತಿ ಹೊಸಂಗಡಿಗೆ ಹೋಗಿ, ಕಿಟ್ಟಣ್ಣನ ಹಳೆಯ ಡಿಸ್ಕ್ ಹುಡುಕಿಸಿ, ಕ್ಯಾಮರಾದಿಂದ ನೇರ ಇಳಿಸಿದ ಮೂಲ ಫೈಲುಗಳನ್ನು ಇನ್ನೊಂದು ಪೆನ್‌ಡ್ರೈವಿಗೆ ತುಂಬಿಸಿಕೊಂಡು ಬರುವಾಗ ಗಂಟೆ ಎರಡಾಗಿತ್ತು. ಆ ಫೈಲನ್ನು ಕೊಟ್ಟ ಕೂಡಲೇ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಬಂತು: ಈ ಮಾದರಿಯ ಫೈಲನ್ನು ಸ್ವೀಕರಿಸಲಾಗುವುದಿಲ್ಲ.

ಜಗಳ ಹತ್ತಿದ್ದು ಅಲ್ಲಿಂದ.

ಅಮ್ಮು ಪಿನ್ನಿನ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. “ಬೇರೆ ದಾರಿ ಇಲ್ಲವಾ ಅಣ್ಣ?” ಎಂದು ಉದಯಶಂಕರನನ್ನು ಕೇಳಿದಳು.

ಅವಳ ಸ್ವರ ಕೇಳಿ ಉದಯಶಂಕರ ತುಸು ತಣ್ಣಗಾದ. ಇದು ಹಳೆಯ ಕ್ಯಾಮರಾದ ಮಾದರಿ, ಹೆಸರಿನ ಕೊನೆಯಲ್ಲಿ ಎಂಟಿಎಸ್ ಎಂದು ಇರುತ್ತದೆ, ಸಾಫ್ಟ್‌ವೇರಿಗೆ ಬೇಕಾದ್ದು ಎಂಪಿ-ಫೋರ್ ಎಂದು ವಿವರಿಸಿದ. ಪೂವಪ್ಪನಿಗೆ ವಿವರಣೆ ಬೇಡವಾಗಿತ್ತು. ಹೆಸರಿನ ಕೊನೆಯದ್ದು ಮಾತ್ರ ತಾನೇ ತೊಂದರೆ, ಹಾಗಾದರೆ ಆ ಮೂರಕ್ಷರ ಅಳಿಸಿ ಬೇಕಾದ್ದನ್ನು ಬರೆದುಬಿಡು ಎಂದು ಹಠ ಹಿಡಿದ. ಹೇಳಿದರೆ ಕೇಳುವ ಜನ ಅಲ್ಲವೆಂದು ಉದಯಶಂಕರ ಹಾಗೇ ಮಾಡಿ ತೋರಿಸಿದ. ಸಾಫ್ಟ್‌ವೇರ್ ಈ ಸಲ ಫೈಲನ್ನು ಒಳಗೆ ಬಿಟ್ಟುಕೊಂಡಿತು. ಫೈಲು ಒಳಗೆ ಹೋಗುವುದನ್ನು ತೋರಿಸುವ ಪಟ್ಟಿ ನಿಧಾನಕ್ಕೆ ತುಂಬುತ್ತ ಹೋಯಿತು. ಪೂವಪ್ಪ ಎದೆ ಮುಂದೆ ಮಾಡಿ, ನೋಡಿದಿಯಾ ಎಂಬ ಹಾಗೆ ಹೆಂಡತಿಯ ಕಡೆ ನೋಡಿದ. ಪಟ್ಟಿ ಪೂರ್ತಿ ತುಂಬಿತು. ಆಮೇಲೆ ಮತ್ತೆ ಕೆಂಪು ಅಕ್ಷರ: ಫೈಲನ್ನು ಓದಲಾಗಲಿಲ್ಲ.

“ಸೀಮೆಎಣ್ಣೆಯ ಬಾಟ್ಲಿಗೆ ತೆಂಗಿನೆಣ್ಣೆಯ ಚೀಟಿ ಅಂಟಿಸಿದ್ರೆ ಒಗ್ಗರಣೆ ಹಾಕ್ಲಿಕ್ಕೆ ಆಗ್ತದಾ ಪೂವಪ್ಪಣ್ಣ?” ಎಂದ ಉದಯಶಂಕರ.

ಪೂರ್ತಿ ವಿಡಿಯೋವನ್ನು ಬೇರೆ ಮಾದರಿಗೆ ಬದಲಿಸಲು ಹೊರಟರೆ ಈ ಕಂಪ್ಯೂಟರಿಗೆ ಮೂರು ಗಂಟೆ ಬೇಕಿತ್ತು. ಐದಕ್ಕೆ ಎದುರಿನ ಕಚೇರಿಯ ಬಾಗಿಲು ಮುಚ್ಚುತ್ತದೆ. ಪ್ರತಿಯನ್ನು ಇವತ್ತೇ ಕೊಡಬೇಕು. ಪೂವಪ್ಪ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ನಡೆದ. ನಾಲ್ಕು ಹೆಜ್ಜೆಗೆ ಗೋಡೆ ಸಿಗುತ್ತಿತ್ತು. ಸಿಕ್ಕಾಗಲೆಲ್ಲ ಗೋಡೆಗೊಂದು ಬೈಗುಳ, ತಿರುಗಿದಾಗ ಕಿಟ್ಟಣ್ಣನಿಗೊಂದು.

ಉದಯಶಂಕರ ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡು ಕುಳಿತ. ಆಮೇಲೆ ತನ್ನ ತಲೆಗೆ ತಾನೇ ಮೊಟಕಿಕೊಂಡ. ಬರೆಯಲಿಕ್ಕೆ ಚಿತ್ರ ಯಾಕೆ? ಮಾತು ಸಾಕಲ್ಲ. ವಿಡಿಯೋದೊಳಗಿನ ಧ್ವನಿಯನ್ನು ಮಾತ್ರ ಬೇರ್ಪಡಿಸಿ ಆಡಿಯೋ ಮಾಡಿದರೆ ಐದು ನಿಮಿಷದ ಕೆಲಸ, ಆಡಿಯೋವನ್ನು ಸಾಫ್ಟ್‌ವೇರ್ ಬೇಡ ಅನ್ನುವುದಿಲ್ಲ.

ಹಾಗೇ ಆಯಿತು. ಧ್ವನಿ ಬಿಡಿಸಿದ. ಸಾಫ್ಟ್‌ವೇರಿಗೆ ಕೊಟ್ಟ. ಕೆಂಪು ಅಕ್ಷರ ಬರಲಿಲ್ಲ. ಬಿಳಿ ಪರದೆಯ ಮೇಲೆ ಒಂದೊಂದೇ ಸಾಲು ಕನ್ನಡ ಇಳಿಯತೊಡಗಿತು. ಅರ್ಧಕ್ಕರ್ಧ ತಪ್ಪು. ಮುದ್ದಣ್ಣ ಎಂಬಲ್ಲಿ ಬೇರೇನೋ, ಸೋಮವಾರಪೇಟೆ ಎಂಬಲ್ಲಿ ಸೋಮವಾರ ಮಾತ್ರ. ಉದಯಶಂಕರ ಸ್ಪೀಕರ್ ಹಚ್ಚಿ, ಕೇಳಿ ಕೇಳಿ ತಿದ್ದುತ್ತ ಬಂದ.

ಅಮ್ಮು ಬೆಂಚಿನಿಂದ ಎದ್ದು ಮೇಜಿನ ಹತ್ತಿರ ನಿಂತಳು. ಮೂರು ವರ್ಷದ ಹಿಂದಿನ ಅಕ್ಕನ ಚಾವಡಿ ಅವಳ ಕಿವಿಗೆ ಬಿತ್ತು. ಬಳೆಯ ಸದ್ದು, ಮಕ್ಕಳ ಅಳು, ಯಾರೋ ಎಲೆ ಹಾಕಿ ಎನ್ನುವುದು. ಒಳಗಿನಿಂದ ಕಮಲಕ್ಕ ತುಳುವಿನಲ್ಲಿ ತನ್ನನ್ನೇ ಕರೆಯುವುದು ಕೇಳಿತು. “ಅಮ್ಮೂ, ಬಲ್ಲ”, ಅಮ್ಮೂ ಬಾ, ಎಂದು ಅವಳು ಎರಡು ಸಲ ಕರೆದಿದ್ದಳು. ಎರಡು ವರ್ಷದಿಂದ ಅಕ್ಕ ಅವಳನ್ನು ಹಾಗೆ ಕರೆದಿಲ್ಲ. ಬಾವಿಯ ಹತ್ತಿರ ಗೋಡೆಯ ಆಚೆಗೆ ಬಕೆಟಿನ ಸದ್ದಾದಾಗ ಅಮ್ಮು ಈಚೆ ಉಸಿರು ಬಿಗಿ ಹಿಡಿದು ನಿಲ್ಲುತ್ತಾಳೆ. ಆಚೆಯ ಬಕೆಟೂ ನಿಲ್ಲುತ್ತದೆ.

ಆಮೇಲೆ ಗಂಡಿನ ಕಡೆಯ ಹಿರಿಯರ ದನಿ. ದಿಬ್ಬಣದ ಬಸ್ಸಿನ ವಿಷಯ. ಆಮೇಲೆ ಪೂವಪ್ಪನ ದನಿ, ಎತ್ತರದ್ದು, ಖುಷಿಯದ್ದು.

“ಹರಿವಾಣ ಹಿಡಿದು ಹೇಳ್ತಿದ್ದೇನೆ ಯಜಮಾನರೇ, ಬಸ್ಸು ಅಂಗಳಕ್ಕೇ ಬರ್ತದೆ. ದಾರಿ ನಾನು ಬಿಟ್ಟುಕೊಟ್ಟಿದ್ದೇನೆ. ಮದುವೆ ಮುಗಿಯುವವರೆಗೆ...”

ಅಲ್ಲಿಗೆ ಧ್ವನಿ ಕಡಿಯಿತು.

ಪೂವಪ್ಪ ಎರಡು ಕೈಯನ್ನೂ ಮೇಜಿಗೆ ಊರಿ ಬಗ್ಗಿದ. “ಕೇಳಿದಿಯಾ? ಮದುವೆ ಮುಗಿಯುವವರೆಗೆ. ನಾನು ಎರಡು ವರ್ಷದಿಂದ ಬಡ್ಕೊಳ್ಳುದು ಇದನ್ನೇ. ಅಮ್ಮು, ಕೇಳಿದಿಯಾ?”

ಅಮ್ಮು ಕೇಳಿದ್ದಳು. ಎದೆಯ ಮೇಲಿನ ಅರೆಯುವ ಕಲ್ಲನ್ನು ಯಾರೋ ಎತ್ತಿ ಬದಿಗಿಟ್ಟ ಹಾಗಾಯಿತು. ಗಂಡ ಸುಳ್ಳು ಹೇಳಿರಲಿಲ್ಲ. ಸಿಟ್ಟಿನವನಿರಬಹುದು, ಹಠಮಾರಿಯಿರಬಹುದು, ಸುಳ್ಳನಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬೆಳಿಗ್ಗೆಯಿಂದ ನೀರು ಕುಡಿದಿಲ್ಲವೆಂದು ಆಗ ನೆನಪಾಯಿತು.

ಉದಯಶಂಕರ ಮಾತ್ರ ಪರದೆಯನ್ನೇ ನೋಡುತ್ತಿದ್ದ. “ಮಾತು ಮುಗಿಯಲಿಲ್ಲ,” ಎಂದ. ಈ ಕ್ಯಾಮರಾಗಳು ಉದ್ದದ ವಿಡಿಯೋವನ್ನು ಒಂದೇ ಫೈಲಾಗಿ ಇಡುವುದಿಲ್ಲ, ಇಂತಿಷ್ಟು ತುಂಬಿದ ಕೂಡಲೇ ತುಂಡು ಮಾಡಿ ಇನ್ನೊಂದು ಫೈಲು ಶುರುಮಾಡುತ್ತವೆ, ಮಾತನಾಡುವವರ ಬಾಯಿ ಮುಚ್ಚುವವರೆಗೆ ಅವು ಕಾಯುವುದಿಲ್ಲ ಎಂದು ಹೇಳಿದ. ಪೆನ್‌ಡ್ರೈವಿನಲ್ಲಿ ಇದರ ಕೆಳಗೆ ಎರಡನೆಯ ತುಂಡು ಇತ್ತು. ಅದರ ಸಮಯ ಸರಿಯಾಗಿ ಇಲ್ಲಿಂದಲೇ ಶುರು.

“ಅದು ಬೇಡ,” ಎಂದ ಪೂವಪ್ಪ.

ತೀರ ಬೇಗ ಹೇಳಿದ. ಅಮ್ಮು ಅವನ ಕಡೆ ತಿರುಗಿದಳು. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಮೂವತ್ತು ವರ್ಷದಲ್ಲಿ ಅವನ ಸಿಟ್ಟಿನ ಎಲ್ಲ ಬಣ್ಣಗಳನ್ನೂ ಅವಳು ನೋಡಿದ್ದಳು. ಇದು ಬೇರೆ. ಮರೆತ ಯಾವುದೋ ನೆನಪು ಈಗ ತಾನೇ ಬಂದು ಹೆಗಲ ಮೇಲೆ ಕೈಯಿಟ್ಟ ಹಾಗೆ ಅವನು ನಿಂತಿದ್ದ.

“ಇಷ್ಟು ಸಾಕು. ಇಷ್ಟನ್ನೇ ಅಚ್ಚು ಹಾಕು. ಗಂಟೆ ಮೂರೂವರೆ ಆಯ್ತು,” ಎನ್ನುತ್ತ ಅವನು ಪೆನ್‌ಡ್ರೈವಿಗೆ ಕೈ ಹಾಕಿದ.

“ಎರಡನೆಯದನ್ನೂ ಹಾಕಿ ಅಣ್ಣ,” ಎಂದಳು ಅಮ್ಮು.

“ನೀನು ಸುಮ್ಮನಿರು.”

“ನಾಳೆ ಕರೆದು ಕೇಳುದು ನನ್ನನ್ನು. ಪೂರ್ತಿ ಕೇಳದೆ ನಾನು ಎಂತ ಹೇಳಲಿ? ಹಾಕಿ ಅಣ್ಣ.”

ಪೂವಪ್ಪ ಉದಯಶಂಕರನಿಗೆ ಬೆದರಿಕೆ ಹಾಕಿದ. ಕೆಲಸ ಕೊಟ್ಟವನು ನಾನು, ಹೆಂಗಸಿನ ಮಾತು ಕೇಳುವುದಾದರೆ ನಾಳೆಯಿಂದ ಪುತ್ತಿಗೆಯ ಒಬ್ಬನೂ ಈ ಮೆಟ್ಟಿಲು ಹತ್ತದ ಹಾಗೆ ಮಾಡುತ್ತೇನೆ ಎಂದ. ಉದಯಶಂಕರನಿಗೂ ಹುಟ್ಟಿನಿಂದಲೇ ಸಿಟ್ಟು ಮೂಗಿನ ತುದಿಯಲ್ಲಿ. ಹಾಗೆ ಹೇಳದಿದ್ದರೆ ಬಹುಶಃ ಬಿಟ್ಟುಬಿಡುತ್ತಿದ್ದ. ಅವನು ಪೆನ್‌ಡ್ರೈವಿನ ಮೇಲಿದ್ದ ಪೂವಪ್ಪನ ಕೈಯನ್ನು ತೆಗೆದು ಪಕ್ಕಕ್ಕಿಟ್ಟ. ಎರಡನೆಯ ತುಂಡಿನ ಧ್ವನಿ ಬಿಡಿಸಲು ಹಚ್ಚಿದ.

ಐದು ನಿಮಿಷ. ಪಟ್ಟಿ ತುಂಬುತ್ತಿತ್ತು. ಯಾರೂ ಕುಳಿತುಕೊಳ್ಳಲಿಲ್ಲ. ಅಮ್ಮು ಪಟ್ಟಿಯನ್ನೇ ನೋಡುತ್ತ ನಿಂತಳು. ನಿಲ್ಲಲಿ ಎಂದು ಒಮ್ಮೆ, ಬೇಗ ಆಗಲಿ ಎಂದು ಒಮ್ಮೆ ಅವಳ ಮನಸ್ಸು ಹೇಳುತ್ತಿತ್ತು. ಈಗಲೇ ಹೊರಟುಬಿಟ್ಟರೆ ಕೇಳಿದ ಅರ್ಧ ಮಾತು ಅವಳ ಕೈಯಲ್ಲಿ ಉಳಿಯುತ್ತಿತ್ತು. ಅಷ್ಟು ಹಿಡಿದುಕೊಂಡು ನಾಳೆ ತಲೆಯೆತ್ತಿ ನಿಲ್ಲಬಹುದಿತ್ತು. ಕಾಲು ಮಾತ್ರ ಏಳಲಿಲ್ಲ.

ಸ್ಪೀಕರಿನಿಂದ ಪೂವಪ್ಪನ ಅದೇ ಎತ್ತರದ ದನಿ ಬಂತು.

“...ಮಾತ್ರ ಅಂತ ತಿಳ್ಕೊಳ್ಳಬೇಡಿ. ನಮ್ಮ ಕ್ಷಮಾ ಬಾಣಂತನಕ್ಕೆ ಬರುದೂ ಇದೇ ದಾರಿಯಲ್ಲಿ, ಅವಳ ಮಕ್ಕಳು ಶಾಲೆಗೆ ಹೋಗುದೂ ಇದೇ ದಾರಿಯಲ್ಲಿ. ನಾನು ಇರುವವರೆಗೂ, ನಾನು ಹೋದ ಮೇಲೂ.”

ಚಾವಡಿಯಲ್ಲಿ ಎಲ್ಲರೂ ಸಂತೋಷದಿಂದ ಹೋ ಎಂದರು. ಗಂಡಿನ ಕಡೆಯ ಹಿರಿಯರು, ಇಂಥ ಚಿಕ್ಕಪ್ಪ ಸಿಗಬೇಕಾದರೆ ಪುಣ್ಯ ಬೇಕು ಎಂದರು. ಹರಿವಾಣ ಕೈ ಬದಲಾದ ಸದ್ದು ಕೇಳಿತು.

ಉದಯಶಂಕರ ಸ್ಪೀಕರ್ ಆರಿಸಿದ.

ಪೂವಪ್ಪ ಕೂಗಾಡುತ್ತಾನೆ, ಕಂಪ್ಯೂಟರಿಗೆ ಏನಾದರೂ ಎತ್ತಿಹಾಕುತ್ತಾನೆ ಎಂದು ಅಮ್ಮು ಹೆದರಿದ್ದಳು. ಅವನು ಕುರ್ಚಿ ಎಳೆದುಕೊಂಡು ಕುಳಿತ. ಮೊದಲ ಸಲ ಅವನ ದನಿ ಇಳಿಯಿತು. ಬೆಳಿಗ್ಗೆಯಿಂದ ನೀನು ಎನ್ನುತ್ತಿದ್ದವನ ಬಾಯಿಯಲ್ಲಿ ಉದಯಶಂಕರ ಒಮ್ಮೆಗೇ ನೀವು ಆಗಿದ್ದ.

“ಉದಯಣ್ಣ, ಮಧ್ಯಾಹ್ನ ನಿಮ್ಮ ಕಂಪ್ಯೂಟರ್ ಒಂದು ಮಾತು ಹೇಳ್ತಲ್ಲ. ಈ ಫೈಲು ಆಗುದಿಲ್ಲ ಅಂತ. ಅದನ್ನು ಅಚ್ಚು ಹಾಕಿ ಕೊಡ್ಲಿಕ್ಕೆ ಆಗ್ತದಾ?”

“ಆಗ್ತದೆ. ಯಾಕೆ?”

“ಅಷ್ಟೇ ಸಾಕು. ವಿಡಿಯೋ ತೆರೆಯಲಿಲ್ಲ ಅಂತ ಕೊಡುವ. ಸುಳ್ಳಲ್ಲವಲ್ಲ. ನಿಮ್ಮ ಯಂತ್ರವೇ ಹೇಳಿದ್ದು.”

ವಿಡಿಯೋ ಇಲ್ಲವಾದರೆ ಹೇಳಿಕೆಯ ಮೇಲೆಯೇ ತೀರ್ಮಾನ ಆಗುತ್ತದೆ ಎಂದು ಅವನು ಮೆಲ್ಲಗೆ, ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಹಾಗೆ ವಿವರಿಸಿದ. ಕಮಲಳ ಕಡೆಯವರ ಹತ್ತಿರ ಇರುವುದು ಹಾಡಿನ ಪೆನ್‌ಡ್ರೈವ್ ಮಾತ್ರ. ಹರಿವಾಣ ಹಿಡಿದಾಗ ನಾಲ್ಕು ಮಾತು ಹೆಚ್ಚು ಬರುತ್ತದೆ, ಮನೆಯ ಮರ್ಯಾದೆಗೆ ಆಡಿದ ಮಾತನ್ನು ಯಾರಾದರೂ ದಾಖಲೆ ಮಾಡುತ್ತಾರೆಯೇ? ಇವತ್ತು ದಾರಿ ಬಿಟ್ಟರೆ ನಾಳೆ ಆ ಮುದ್ದಣ್ಣನ ತಮ್ಮಂದಿರು ತನ್ನ ಅಂಗಳದಲ್ಲೇ ಗಾಡಿ ತಿರುಗಿಸುತ್ತಾರೆ, ತನ್ನನ್ನು ನೋಡಿ ನಗುತ್ತಾರೆ. ಹೇಳಿಕೆ ಇದೆ, ಸಹಿ ಇದೆ. ಅಮ್ಮು ನಾಳೆ ಹೌದು ಎಂದರೆ ಆಯಿತು.

ಅಮ್ಮು ಉದಯಶಂಕರನ ಮುಖ ನೋಡಿದಳು. ಅವನು ಬೇಡ ಎನ್ನಬಹುದೆಂದು ಕಾದಳು. ಅವನು ಗಡಿಯಾರ ನೋಡಿದ, ಒಮ್ಮೆ ಹಣೆ ಉಜ್ಜಿಕೊಂಡ. ಯಂತ್ರ ಹೇಳಿದ್ದನ್ನು ಅಚ್ಚು ಹಾಕಿ ಕೊಡುವುದಷ್ಟೇ ತನ್ನ ಕೆಲಸ, ಉಳಿದದ್ದು ನಿಮ್ಮ ಮನೆಯ ವಿಷಯ ಎಂದ. ಪ್ರಿಂಟರ್ ಗೊರಗೊರ ಎಂದು ಒಂದು ಹಾಳೆಯನ್ನು ಉಗುಳಿತು. ಹಾಳೆಯ ಮೇಲೆ ಆ ಒಂದೇ ಸಾಲು, ಕೆಳಗೆ ಅಂಗಡಿಯ ಮೊಹರು.

ಬೇಡವೆನ್ನುವವರು ಬೇರೆ ಯಾರೂ ಇರಲಿಲ್ಲ.

ಪೂವಪ್ಪ ಹಾಳೆಯನ್ನು ಮಡಚಿ ಕಿಸೆಗೆ ಹಾಕಿದ. ಹೊರಡುವ ಎಂದ.

“ಆ ದಿವಸ ನಾನು ಅಡುಗೆಮನೆಯಲ್ಲಿದ್ದೆ,” ಎಂದಳು ಅಮ್ಮು.

“ಅದು ಗೊತ್ತುಂಟು. ನಡಿ.”

“ತೆಂಗಿನ ಹಾಲು ಹಿಂಡ್ತಾ ಇದ್ದೆ. ನನಗೆ ಎಂತದೂ ಕೇಳಿಸ್ಲಿಲ್ಲ. ನಾಳೆ ಅದನ್ನೇ ಹೇಳುದು. ಇವತ್ತು ಇಲ್ಲಿ ಕೇಳಿದ್ದನ್ನೂ ಹೇಳುದು.”

ಪೂವಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವನ ಕತ್ತಿನ ನರ ಉಬ್ಬಿತು. ಅಷ್ಟು ಹೊತ್ತು ಅದುಮಿ ಇಟ್ಟದ್ದೆಲ್ಲ ಒಮ್ಮೆಗೇ ಹೊರಬಂತು. ಉಂಡ ಮನೆಗೆ ಎರಡು ಬಗೆಯುವವಳು ಎಂದ. ಅಕ್ಕನ ಬಾಲ ಎಂದ. ತಾನು ಈ ಮೂವತ್ತು ವರ್ಷ ಯಾರ ಜಾಗಕ್ಕೆ ಬೆವರು ಸುರಿಸಿದ್ದು ಎಂದು ಕೇಳಿದ. ಹೊರಗೆ ವರಾಂಡದಲ್ಲಿ ಅರ್ಜಿ ಹಿಡಿದು ನಿಂತಿದ್ದವರು ಇಣುಕಿ ನೋಡಿದರು. ಉದಯಶಂಕರ ಎದ್ದು ನಿಂತ, ಆದರೆ ನಡುವೆ ಬರಲಿಲ್ಲ.

“ಹಾಗೆ ಹೇಳುದಾದ್ರೆ ನನ್ನ ಮೆಟ್ಟಿಲು ಹತ್ತಬೇಡ,” ಎಂದ ಪೂವಪ್ಪ. “ತಿಳೀತಾ? ನಿನ್ನ ಅಕ್ಕನ ಮನೆಯಲ್ಲೇ ಬಿದ್ಕೋ.”

ಆ ಮೆಟ್ಟಿಲು ಯಾರ ಅಮ್ಮನದ್ದೆಂದು ಇಬ್ಬರಿಗೂ ಗೊತ್ತಿತ್ತು. ಅಮ್ಮು ಅದನ್ನು ಎತ್ತಲಿಲ್ಲ. ಕೈಚೀಲವನ್ನು ಹೆಗಲಿಗೇರಿಸಿ, ಉದಯಶಂಕರನಿಗೆ ಬರುತ್ತೇನೆ ಎಂದಷ್ಟೇ ಹೇಳಿ, ಬಾಗಿಲಲ್ಲಿ ನಿಂತವರ ನಡುವಿನಿಂದ ಹೊರಗೆ ನಡೆದಳು.

ಗೋಡೆ ಹಿಡಿದು ಮೆಟ್ಟಿಲಿಳಿದಳು. ಮೇಲಿನಿಂದ ಪೂವಪ್ಪ ಒಮ್ಮೆ ಅವಳ ಹೆಸರು ಕೂಗಿದ. ಸಿಟ್ಟಿನಿಂದ. ಇನ್ನೊಮ್ಮೆ ಕೂಗಿದ, ಆಗ ಸಿಟ್ಟು ಇರಲಿಲ್ಲ. ಅವಳು ನಿಂತಳು. ಎರಡನೆಯ ಕೂಗಿನಲ್ಲಿ ಹಳೆಯ ಪೂವಪ್ಪ ಇದ್ದ, ಹರಿವಾಣ ಹಿಡಿದು ಕ್ಷಮಾಳ ಮಕ್ಕಳ ಬಗ್ಗೆ ಮಾತನಾಡಿದವನು. ಅವನು ಕಿಸೆಯಿಂದ ಆ ಹಾಳೆ ತೆಗೆದು ಹರಿದಿದ್ದರೆ ಅವಳು ಹತ್ತಿ ಹೋಗುತ್ತಿದ್ದಳು. ತಿರುಗಿ ಮೇಲೆ ನೋಡಿದಳು. ಅವನು ಕಟಕಟೆ ಹಿಡಿದು ನಿಂತಿದ್ದ. ಇನ್ನೊಂದು ಕೈ ಕಿಸೆಯ ಮೇಲೆ, ಹಾಳೆ ಎಲ್ಲಿ ಬಿದ್ದುಹೋಗುತ್ತದೋ ಎಂದು ಕಾಯುವವನ ಹಾಗೆ, ಒತ್ತಿಕೊಂಡಿತ್ತು.

ಅವಳು ರಸ್ತೆಗೆ ಇಳಿದಳು. ಸ್ಟಾಪಿನಲ್ಲಿ ಕುಂಬಳೆಯ ಕಡೆಯ ಬಸ್ಸು ನಿಂತಿತ್ತು. ಹತ್ತಿದಳು. ಹೆಂಗಸರ ಸೀಟಿನಲ್ಲಿ ಕಿಟಕಿಯ ಬದಿ ಖಾಲಿಯಿತ್ತು. ಅಲ್ಲಿಂದ ಅಂಗಡಿಯ ಮೆಟ್ಟಿಲು ಕಾಣುತ್ತದೆಂದು ಅವಳು ಅಲ್ಲಿ ಕೂರದೆ ಈಚೆ ಬದಿ ಕುಳಿತಳು. ಬಸ್ಸು ಹೊರಟಿತು.

ಕುಂಬಳೆಯಲ್ಲಿ ಬಸ್ಸು ಬದಲಿಸಿ, ಯಾವಾಗಲೂ ಇಳಿಯುವ ಜಾಗ ಬಂದಾಗ ಅಮ್ಮು ಏಳಲಿಲ್ಲ. ಮುಂದಿನ ತಿರುವಿನಲ್ಲಿ, ಗದ್ದೆಗೆ ಇಳಿಯುವಲ್ಲಿ ಇಳಿದಳು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಕೆಸರಿನ ಹುಣಿಯ ಮೇಲೆ ಬದಿಯ ಹುಲ್ಲು ಹಿಡಿಯುತ್ತ, ಕಮಲಕ್ಕ ಎರಡು ವರ್ಷದಿಂದ ನಡೆಯುತ್ತಿರುವ ಸುತ್ತು ದಾರಿಯಲ್ಲಿ ಅಕ್ಕನ ಮನೆಯ ಕಡೆಗೆ ನಡೆದುಹೋದಳು. ಆ ಸಂಜೆ ಪೂವಪ್ಪ ಅಂಗಳದ ದೀಪ ಹಾಕಿ ಕಾದ. ಅವಳು ಬರಲಿಲ್ಲ.